ಪರರ ಲಾರಿ, ಸ್ವಂತ ಲಾರಿ

ಮುಂಬಯಿಯ ಕನ್ನಡಿಗನೆಂದೊಡನೆ ಜನರ ಕಣ್ಣಿಗೆ ಕಟ್ಟುವುದು ಹೋಟೆಲಿನ ಗಲ್ಲಾಪೆಟ್ಟಿಗೆ. ಅದು ಬಿಟ್ಟರೆ ಬ್ಯಾಂಕಿನ ಕೌಂಟರು, ಇಲ್ಲವೆ ನಮ್ಮಂಥ ಗುಮಾಸ್ತರ ಪೈಲು ಹೊತ್ತ ಮೇಜು. ಸ್ಟೇರಿಂಗು ಹಿಡಿದ ಕನ್ನಡಿಗ ಯಾರ ಕಣ್ಣಿಗೂ ಅಷ್ಟಾಗಿ ಬೀಳುವುದಿಲ್ಲ. ಏಕೆಂದರೆ ಅವನು ಊರಲ್ಲಿರುವುದೇ ಅಪರೂಪ. ಆದರೆ ಸಂಜೆಯ ಹೊತ್ತು ಕಳಂಬೋಲಿಯ ಉಕ್ಕಿನ ಪೇಟೆಯ ಸುತ್ತ, ವಾಶಿಯ ಎಪಿಎಂಸಿ ಮಾರುಕಟ್ಟೆಯ ಬದಿಗೆ, ಭಿವಂಡಿಯ ಗೋದಾಮುಗಳ ಸಾಲಿನಲ್ಲಿ ಒಂದು ಸುತ್ತು ಹಾಕಿ ನೋಡಿರಿ. ಬೆಳಗಾವಿಯ ಕೆಎ 22, ಧಾರವಾಡದ 25, ವಿಜಯಪುರದ 28, ಬಾಗಲಕೋಟೆಯ 29 ಸಾಲಾಗಿ ನಿಂತಿರುತ್ತವೆ. "ಏನ್ರೀ ಮಾವಾರ, ಲೋಡ್ ಆತೇನ್ರಿ?" ಎಂಬ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಊರಿನ ಸಂತೆಯಲ್ಲಿ ನಿಂತಂತಾಗುತ್ತದೆ.

ಲಾರಿಯ ವಿಷಯ ಬರೆಯಲು ನಮಗೇನು ಅಧಿಕಾರವೆಂದು ವಾಚಕರು ಕೇಳಿದರೆ ತಪ್ಪಿಲ್ಲ. ನಾವು ಹಗಲೆಲ್ಲ ಕುರ್ಚಿಯಲ್ಲಿ ಕುಳಿತು ಉಣ್ಣುವವರು. ಆದರೆ ಬಿ.ಎ. ಮುಗಿಸಿ ಸರಕಾರಿ ಕಚೇರಿಯಲ್ಲಿ ಕುಳಿತವನಿಗೆ ಸಂಘದಲ್ಲಿ ಒಂದು ಕೆಲಸ ತಾನಾಗಿ ಬಂದು ಅಂಟಿಕೊಳ್ಳುತ್ತದೆ: ಫಾರ್ಮು ತುಂಬಿಕೊಡುವುದು. ಲೈಸೆನ್ಸಿನ ಅರ್ಜಿ, ವಿಮೆಯ ಕಾಗದ, ಲಾರಿ ಸಾಲದ ಕರಾರುಪತ್ರ ಇವುಗಳನ್ನು ಎಷ್ಟೋ ರವಿವಾರ ಓದಿ ಹೇಳಿದ್ದೇವೆ. ಹೀಗೆ ಓದುತ್ತ ಓದುತ್ತ, ಚಹಾ ಕುಡಿಯುತ್ತ ಡ್ರೈವರರ ಮಾತು ಕೇಳುತ್ತ, ನಮಗೆ ತಿಳಿದುಬಂದ ನಾಲ್ಕು ಸಂಗತಿಗಳಿವೆ. ನಮ್ಮ ಕುಟುಂಬಗಳ ತರುಣರು ವರ್ಷಕ್ಕೆ ಇಬ್ಬರಾದರೂ ಈ ದಾರಿ ಹಿಡಿಯುತ್ತಿರುವುದರಿಂದ ಅವನ್ನು ಇಲ್ಲಿ ಇಡುತ್ತೇವೆ.

ಮೊದಲು ಒಂದು ಕಹಿ ಮಾತು. ನಮ್ಮ ಜನರಲ್ಲಿ ಹೆಣ್ಣು ನೋಡಲು ಹೋದಾಗ "ಹುಡುಗ ಲಾರಿ ಓಡಿಸುತ್ತಾನೆ" ಎಂದರೆ ಚಹಾದ ಕಪ್ಪು ತಡವಾಗಿ ಬರುತ್ತದೆ. "ಹುಡುಗನದು ಸ್ವಂತ ಲಾರಿ" ಎಂದರೆ ಚೂಡಾದ ತಾಟೂ ಜೊತೆಗೆ ಬರುತ್ತದೆ. ಕಂಪನಿಯ ಲಾರಿ ಓಡಿಸುವವನ ಪಗಾರ ತಿಂಗಳಿಗೆ ತಪ್ಪದೆ ಬರುತ್ತಿರಬಹುದು. ಸ್ವಂತ ಲಾರಿಯವನ ಮೇಲೆ ಕುತ್ತಿಗೆಯ ಮಟ್ಟ ಸಾಲವಿರಬಹುದು. ಅದನ್ನು ಯಾರು ಕೇಳುತ್ತಾರೆ? ಈ ಮರ್ಯಾದೆಯ ಹಸಿವೇ ಎಷ್ಟೋ ಹುಡುಗರನ್ನು ಲೈಸೆನ್ಸಿನ ಮಸಿ ಒಣಗುವ ಮೊದಲೇ ಸಾಲದ ಕಾಗದಕ್ಕೆ ಸಹಿ ಹಾಕಿಸಿದೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಹೊಸಬನು ಕೆಲವು ವರ್ಷ ಪರರ ಲಾರಿಯಲ್ಲಿ ಕೈ ಪಳಗಿಸಬೇಕು, ಆಮೇಲೆ ಲಾರಿಯನ್ನಲ್ಲ, ಲೋಡನ್ನು ಹುಡುಕಬೇಕು, ಲೋಡು ಸಿಕ್ಕ ಮೇಲೆ ಲಾರಿ. ಈ ಕ್ರಮ ತಿರುವುಮುರುವಾದಲ್ಲಿ ಮನೆಯ ಬಂಗಾರ ಮತ್ತು ಊರಿನ ಹೊಲ ಎರಡೂ ಅಡವಿಗೆ ಬೀಳುತ್ತವೆ.

ಲೈಸೆನ್ಸಿನ ಮಾತು ಬೇಗ ಮುಗಿಸೋಣ. 20 ವರ್ಷ ತುಂಬದವರು ಸಾರಿಗೆ ವಾಹನ ನಡೆಸುವಂತಿಲ್ಲ. ಹಗುರ ವಾಹನದ ಲೈಸೆನ್ಸು ಪಡೆದು ಒಂದು ವರ್ಷ ಕಳೆದ ಮೇಲೆಯೇ ಭಾರಿ ವಾಹನದ ಕಲಿಕೆಯ ಲೈಸೆನ್ಸಿಗೆ ಅರ್ಜಿ ಹಾಕಬಹುದು. ಮಾನ್ಯತೆ ಪಡೆದ ತರಬೇತಿ ಶಾಲೆಯ ಪ್ರಮಾಣಪತ್ರ ಬೇಕು, ವೈದ್ಯರ ಸಹಿ ಬೇಕು. ಮೊದಲು ಎಂಟನೆಯ ಇಯತ್ತೆ ಪಾಸಾಗಿರಬೇಕೆಂಬ ನಿಯಮವಿತ್ತು. 2019ರಲ್ಲಿ ಅದನ್ನು ತೆಗೆದುಹಾಕಿದರು. ಅದೇ ವರ್ಷದ ತಿದ್ದುಪಡಿಯಿಂದ ಸಾರಿಗೆ ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ಇನ್ನೊಂದು ಸಂಗತಿ ಹಲವರಿಗೆ ಗೊತ್ತಿಲ್ಲ: ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನು ಹಗುರ ವಾಹನದ ಲೈಸೆನ್ಸಿನ ಮೇಲೆಯೇ ನಡೆಸಬಹುದೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರಿನಲ್ಲಿ ತೀರ್ಪು ಕೊಟ್ಟಿದೆ. ಆದಕಾರಣ ಪೇಟೆಯೊಳಗೆ ತರಕಾರಿ, ಔಷಧಿ, ಕಿರಾಣಿ ಸಾಮಾನು ಸಾಗಿಸುವ ಸಣ್ಣ ಗಾಡಿಯಿಂದ ಆರಂಭಿಸಿದರೆ ಭಾರಿ ಲೈಸೆನ್ಸಿಗೆ ಕಾಯುವ ವರ್ಷವೂ ವ್ಯರ್ಥವಾಗುವುದಿಲ್ಲ, ರಾತ್ರಿ ಮನೆಯಲ್ಲೇ ಉಣ್ಣಬಹುದು.

ಹಿಂದೆ ಲಾರಿಯ ವಿದ್ಯೆಗೆ ಶಾಲೆಯಿರಲಿಲ್ಲ, ಉಸ್ತಾದನಿದ್ದ. ಹುಡುಗ ಕ್ಲೀನರನಾಗಿ ಸೇರುತ್ತಿದ್ದ. ಗಾಜು ಒರೆಸಿ, ಟಯರಿಗೆ ಸುತ್ತಿಗೆ ಬಡಿದು ಸದ್ದಿನ ಮೇಲೆ ಗಾಳಿ ಅಂದಾಜು ಮಾಡಿ, ತಾಡಪತ್ರಿ ಬಿಗಿದು, ಉಸ್ತಾದನ ಬೈಗುಳ ತಿಂದು, ಎರಡು ಮೂರು ವರ್ಷಕ್ಕೆ ರಾತ್ರಿಯ ಖಾಲಿ ರಸ್ತೆಯಲ್ಲಿ ಸ್ಟೇರಿಂಗು ಮುಟ್ಟುತ್ತಿದ್ದ. ಬೈಗುಳ ನಿಂತದ್ದು ಒಳ್ಳೆಯದೇ. ಆದರೆ ಖರ್ಚು ಉಳಿಸಲು ಕ್ಲೀನರನನ್ನೇ ಕೈಬಿಡುವ ಮಾಲಕರು ಹೆಚ್ಚಾದ ಮೇಲೆ ಆ ಮೂರು ವರ್ಷದ ಪಾಠವೂ ಹೋಯಿತು. ಈಗ ಶಾಲೆಯ ಮೈದಾನದಲ್ಲಿ ಖಾಲಿ ಲಾರಿ ತಿರುಗಿಸಿದವನು ಮೊದಲ ಬಾರಿಗೆ ಉಕ್ಕಿನ ಸುರುಳಿ ಹೇರಿಕೊಂಡು ಒಬ್ಬನೇ ಘಟ್ಟ ಇಳಿಯುತ್ತಾನೆ. ಈ ಸಂಗತಿ ನೆನೆದರೆ ನಮಗೆ ಎದೆ ಝಲ್ಲೆನ್ನುತ್ತದೆ.

ಘಟ್ಟದ ಮಾತು ಬಂದದ್ದರಿಂದ ಅಲ್ಲಿ ಸ್ವಲ್ಪ ನಿಲ್ಲೋಣ. ನಮ್ಮವರ ಹೆದ್ದಾರಿಯೆಂದರೆ ಪುಣೆ, ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗಗಳ ಮೇಲಿಂದ ಬೆಂಗಳೂರಿಗೆ ಹೋಗುವ ರಸ್ತೆ. ಹಳಬರು ಈಗಲೂ ನಾಲ್ಕನೆಯ ನಂಬರೆನ್ನುವ ಇದಕ್ಕೆ ಕಾಗದದ ಮೇಲೆ 48 ಎಂದು ಹೆಸರು. ಊರಿನಿಂದ ಬರುವಾಗ ಕಾತ್ರಜದ ಹೊಸ ಸುರಂಗ ದಾಟಿದೊಡನೆ ಪುಣೆಯ ನವಲೆ ಸೇತುವೆಯ ಕಡೆಗೆ ಇಳಿಜಾರು ಶುರುವಾಗುತ್ತದೆ. ನೋಡಿದರೆ ಘಟ್ಟವೆನಿಸುವುದಿಲ್ಲ, ಅಗಲವಾದ ಒಳ್ಳೆಯ ರಸ್ತೆ. ಅದೇ ಅದರ ಮೋಸ. 2022ರ ನವೆಂಬರಿನಲ್ಲಿ ಒಂದು ರಾತ್ರಿ ಇಲ್ಲಿ ಹತೋಟಿ ತಪ್ಪಿದ ಭಾರಿ ವಾಹನವೊಂದು ಹತ್ತಾರು ಗಾಡಿಗಳಿಗೆ ಬಡಿಯುತ್ತ ಹೋಯಿತು. ಆ ಮೊದಲೂ ಆಮೇಲೂ ಅಲ್ಲಿ ಅಪಘಾತಗಳಾಗಿವೆ, ಜೀವಗಳು ಹೋಗಿವೆ.

ಕಾರಣವೇನು? ಇಳಿಜಾರಿನಲ್ಲಿ ಗೇರು ತೆಗೆದು ನ್ಯೂಟ್ರಲಿನಲ್ಲಿ ಬಿಟ್ಟರೆ ಡೀಸೆಲು ಉಳಿಯುತ್ತದೆಂಬ ಹಳೆಯ ನಂಬಿಕೆ. ಇನ್ನೂ ಧೈರ್ಯವಂತರು ಎಂಜಿನ್ನನ್ನೇ ಬಂದು ಮಾಡುತ್ತಾರೆ. ಲಾರಿಯ ಬ್ರೇಕು ನಡೆಯುವುದು ಗಾಳಿಯ ಒತ್ತಡದ ಮೇಲೆ. ಆ ಗಾಳಿ ತುಂಬುವ ಪಂಪು ತಿರುಗುವುದು ಎಂಜಿನ್ನಿನಿಂದ. ಎಂಜಿನ್ ನಿಂತಿತೆಂದರೆ ಪ್ರತಿ ಸಲ ಬ್ರೇಕು ತುಳಿದಾಗ ಟಾಕಿಯ ಗಾಳಿ ಖರ್ಚಾಗುತ್ತ ಹೋಗುತ್ತದೆ, ಹೊಸದು ತುಂಬುವುದಿಲ್ಲ, ಸ್ಟೇರಿಂಗು ಕಲ್ಲಾಗುತ್ತದೆ. ಗೇರಿನಲ್ಲಿದ್ದರೆ ಎಂಜಿನ್ನೇ ಚಕ್ರವನ್ನು ಹಿಡಿದೆಳೆಯುತ್ತದೆ. ನ್ಯೂಟ್ರಲಿನಲ್ಲಿ ಇಡೀ ಭಾರ ಬ್ರೇಕಿನ ಲೈನರುಗಳ ಮೇಲೆ. ಅವು ಕಾದು ಹಿಡಿತ ಬಿಡುತ್ತವೆ. ಹಳೆಯ ಡ್ರೈವರರ ಸೂತ್ರ ಸರಳ: ಯಾವ ಗೇರಿನಲ್ಲಿ ಏರಬೇಕಾಗುತ್ತದೆಯೋ ಅದೇ ಗೇರಿನಲ್ಲಿ ಇಳಿ, ಗೇರನ್ನು ಇಳಿಜಾರಿನ ತಲೆಯ ಮೇಲೆಯೇ ಹಾಕು, ನಡುವೆ ಅಲ್ಲ. ಮೇಲಾಗಿ ಈಗಿನ ಹೊಸ ಎಂಜಿನ್ನುಗಳು ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರು ಬಿಟ್ಟೊಡನೆ ಡೀಸೆಲನ್ನು ತಾವೇ ಕಡಿದುಕೊಳ್ಳುತ್ತವೆ. ಹೀಗಾಗಿ ಉಳಿತಾಯದ ಆ ನಂಬಿಕೆಗೆ ಈಗ ಆಧಾರವೂ ಇಲ್ಲ. ಕಂಪನಿಯ ಲಾರಿಯಲ್ಲಿ ಇರುವ ಮೊದಲ ವರ್ಷಗಳಲ್ಲಿ ಕಲಿಯಬೇಕಾದದ್ದು ಇಂಥದು. ಈ ವಿದ್ಯೆಗೆ ಹಪ್ತೆಯ ಆತುರ ಜೊತೆಗಿರಬಾರದು.

ಕಂಪನಿಯೂ ದೇವಸ್ಥಾನವಲ್ಲ. ಸೇರುವ ಮೊದಲು ಕೆಲವು ಮಾತು ಬಾಯಿಬಿಟ್ಟು ಕೇಳಬೇಕು. ಪಗಾರ ಎಷ್ಟು, ಟ್ರಿಪ್ಪಿನ ಭತ್ತೆ ಎಷ್ಟು, ಎರಡೂ ಬೇರೆ ಬೇರೆಯೋ ಒಂದರಲ್ಲಿ ಇನ್ನೊಂದು ಅಡಗಿದೆಯೋ? ಲೀಟರಿಗೆ ಇಷ್ಟು ಕಿಲೋಮೀಟರು ಬರಲೇಬೇಕೆಂದು ಗೊತ್ತುಮಾಡಿ ಕಡಿಮೆಯಾದದ್ದನ್ನು ಡ್ರೈವರನ ಪಗಾರದಿಂದ ಮುರಿಯುತ್ತಾರೆಯೇ? ಖಾಲಿ ಗಾಡಿಗೂ ತುಂಬಿದ ಗಾಡಿಗೂ ಒಂದೇ ಲೆಕ್ಕವೇ? ಪ್ರಾವಿಡೆಂಟ್ ಫಂಡು ಕಟ್ಟುತ್ತಾರೆಯೇ? ಕೆಲವೆಡೆ ಡ್ರೈವರು ಬಿಟ್ಟು ಹೋಗದಿರಲೆಂದು ಅವನ ಮೂಲ ಲೈಸೆನ್ಸನ್ನೇ ಕಪಾಟಿನಲ್ಲಿ ಇಟ್ಟುಕೊಳ್ಳುವ ಚಾಳಿಯಿದೆ. ನಕಲು ಕೊಡಿರಿ, ಮೂಲ ಕೊಡಬೇಡಿರಿ. ಹೆಚ್ಚು ಭಾರ ಹೇರಿದ ಗಾಡಿಯನ್ನು "ನಡೆ, ನಾವಿದ್ದೇವೆ" ಎಂದು ಕಳಿಸಿದರೆ ತೂಕದ ಚೀಟಿ ನೋಡದೆ ಹೊರಡಬೇಡಿರಿ. 2019ರ ತಿದ್ದುಪಡಿಯ ಪ್ರಕಾರ ಹೆಚ್ಚು ಭಾರಕ್ಕೆ ದಂಡ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚಿನ ಟನ್ನಿಗೆ 2,000. ಕಾಯಿದೆ ಅದನ್ನು ನಡೆಸಿದವನ ಮೇಲೂ ಹಾಕುತ್ತದೆ, ನಡೆಸಲು ಬಿಟ್ಟವನ ಮೇಲೂ. ರಸ್ತೆಯಲ್ಲಿ ಸಿಗುವವನು ಮಾತ್ರ ನಡೆಸಿದವನು.

ನಿದ್ದೆಯ ಮಾತು ಎಲ್ಲಕ್ಕೂ ಕಷ್ಟದ್ದು. 1961ರಲ್ಲಿಯೇ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಮಾಡಿ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂದು ಬರೆದರು. ಆ ಕಾಯಿದೆಯ ಜಾಗಕ್ಕೆ ಹೊಸ ಸಂಹಿತೆ ಬಂದಿದೆ; ಎಂಟು ಗಂಟೆಯ ಮಾತು ಅದರಲ್ಲೂ ಉಂಟು. ಕಳಂಬೋಲಿಯಲ್ಲಿ ಯಾವ ಡ್ರೈವರನಿಗಾದರೂ ಇದನ್ನು ಓದಿ ಹೇಳಿದರೆ ಅವನು ನಗುತ್ತಾನೆ. ಆದರೂ ಕಂಪನಿಯ ಡ್ರೈವರನಿಗೆ ಒಂದು ಅನುಕೂಲವಿದೆ: ರಾತ್ರಿ ಮೂರು ಗಂಟೆಗೆ ಕಣ್ಣು ಮುಚ್ಚತೊಡಗಿದಾಗ ಗಾಡಿ ಬದಿಗೆ ನಿಲ್ಲಿಸಿದರೆ ಅವನು ಕಳೆದುಕೊಳ್ಳುವುದು ಮ್ಯಾನೇಜರನ ಒಂದು ಬೈಗುಳ. ಸ್ವಂತ ಲಾರಿಯವನಿಗೆ ಬೈಯುವವರಿಲ್ಲ. ಅವನ ಕಿವಿಯಲ್ಲಿ ಹಪ್ತೆಯ ತಾರೀಖು ಗುನುಗುಡುತ್ತಿರುತ್ತದೆ, ಅವನು ನಿಲ್ಲಿಸುವುದಿಲ್ಲ. 2025ರ ಅಕ್ಟೋಬರಿನಿಂದ ತಯಾರಾಗುವ ಭಾರಿ ಲಾರಿಗಳ ಕ್ಯಾಬಿನ್ನಿಗೆ ತಂಪುಗಾಳಿಯ ಯಂತ್ರ ಕಡ್ಡಾಯವಾಗಿದೆ. ಕಚೇರಿಯ ಸಾಹೇಬರಿಗೆ ಯಾವಾಗಲೋ ಬಂದದ್ದು ಎಂಜಿನ್ನಿನ ಕಾವಿನ ಪಕ್ಕದಲ್ಲಿ ಕೂಡುವವನಿಗೆ ಈಗ ಬಂತು. ತಡವಾದರೂ ಬಂತಲ್ಲ.

ಈಗ ಸ್ವಂತ ಲಾರಿಯ ಲೆಕ್ಕಕ್ಕೆ ಬರೋಣ. ನಾವು ಗುಮಾಸ್ತರು, ಲೆಕ್ಕ ಬಿಟ್ಟರೆ ನಮಗೆ ಬೇರೆ ಕಸುಬಿಲ್ಲ. ಇಲ್ಲಿ ಕೊಡುವ ಅಂಕಿಗಳು ತಿಳಿವಳಿಕೆಗಾಗಿ ಹಿಡಿದವು. ವಾಚಕರು ತಮ್ಮ ಗಾಡಿಯ ನಿಜವಾದ ಅಂಕಿ ಹಾಕಿಕೊಳ್ಳಬೇಕು. ಮುಂಬಯಿಯಿಂದ ಬೆಂಗಳೂರಿಗೆ ಸುಮಾರು 1,000 ಕಿಲೋಮೀಟರು. ತುಂಬಿದ ಗಾಡಿ ಲೀಟರಿಗೆ ನಾಲ್ಕು ಕಿಲೋಮೀಟರು ಓಡಿದರೆ 250 ಲೀಟರು. ಲೀಟರಿಗೆ 90 ರೂಪಾಯಿಯಂತೆ 22,500. ಹತ್ತು ಟಯರಿಗೆ ಎರಡು ಲಕ್ಷ ಬಿದ್ದು ಅವು ಒಂದು ಲಕ್ಷ ಕಿಲೋಮೀಟರು ಬಾಳಿದರೆ ಕಿಲೋಮೀಟರಿಗೆ ಎರಡು ರೂಪಾಯಿ, ಅಂದರೆ ಒಂದು ಸಲ ಹೋಗುವಷ್ಟರಲ್ಲಿ 2,000 ರೂಪಾಯಿಯ ರಬ್ಬರು ರಸ್ತೆಗೆ ಸವೆಯಿತು. ಇದು ಕಿಸೆಯಿಂದ ಅಂದೇ ಹೋಗುವುದಿಲ್ಲವಾದ್ದರಿಂದ ಲಾಭವೆಂದು ಭಾಸವಾಗುತ್ತದೆ. ಟೋಲು, ವಿಮೆ, ತೆರಿಗೆ, ರಾಷ್ಟ್ರೀಯ ಪರವಾನಿಗೆ, ಹೊಸ ಗಾಡಿಗಳಿಗೆ ಡೀಸೆಲಿನ ಜೊತೆ ಸುರಿಯಬೇಕಾದ ಯೂರಿಯಾ ದ್ರಾವಣ, ಹಮಾಲಿ, ದಲ್ಲಾಳಿಯ ಕಮಿಷನ್ನು ಎಲ್ಲ ಬೇರೆ. ಇಷ್ಟೆಲ್ಲ ಬರೆಯುವವನೂ ಒಂದು ಸಾಲು ಮರೆಯುತ್ತಾನೆ: ತನ್ನ ಪಗಾರ. ಬೇರೆಯವರ ಲಾರಿ ನಡೆಸಿದ್ದರೆ ಸಿಗುತ್ತಿದ್ದ ಹಣವನ್ನು ಖರ್ಚಿನಲ್ಲಿ ಹಿಡಿಯದೆ ಉಳಿದದ್ದಕ್ಕೆ ಲಾಭವೆಂದು ಹೆಸರಿಡುವುದು ನಮಗೆ ಸರಿಕಾಣುವುದಿಲ್ಲ.

ಇವೆಲ್ಲ ಓಡುವ ಖರ್ಚು. ನಿಂತರೂ ಓಡುವ ಖರ್ಚು ಹಪ್ತೆ. ತಿಂಗಳಿಗೆ 60,000 ಎಂದಿಟ್ಟುಕೊಳ್ಳಿರಿ, ದಿನಕ್ಕೆ 2,000. ಹೋಗಿಬರಲು ಎಂಟು ದಿನ ಹಿಡಿದರೆ ಪ್ರತಿ ಫೇರಿಯ ಮೇಲೆ ಹಪ್ತೆಯ ಭಾರ 16,000 ರೂಪಾಯಿ. ಬೆಂಗಳೂರಿನಲ್ಲಿ ಮಾಲು ಇಳಿಸಲು ಒಂದು ದಿನ, ಮರಳಿ ಬರುವ ಲೋಡಿಗೆ ಮೂರು ದಿನ ಹೆಚ್ಚಿಗೆ ಕಾಯಬೇಕಾಗಿ ಬಂದರೆ ಹನ್ನೆರಡು ದಿನ. ಹಪ್ತೆಯ ಭಾರ 24,000. ಡೀಸೆಲಿನ ದರ ಎರಡು ರೂಪಾಯಿ ಏರಿದರೆ ಊರೆಲ್ಲ ಗದ್ದಲವಾಗುತ್ತದೆ. ಅದರಿಂದ ಎರಡೂ ದಿಕ್ಕಿನ ಫೇರಿಗೆ ತಗಲುವುದು 1,000 ರೂಪಾಯಿ. ನಾಲ್ಕು ದಿನ ಮರದ ನೆರಳಿನಲ್ಲಿ ಗಾಡಿ ನಿಂತರೆ ಸದ್ದಿಲ್ಲದೆ 8,000 ಹೋಗುತ್ತದೆ. ಲಾರಿಯವನ ಶತ್ರು ಡೀಸೆಲಿಗಿಂತ ಕಾಯುವಿಕೆಯೆಂದು ನಾವು ಹೇಳುವುದು ಇದಕ್ಕೆ.

ಮರಳಿ ಬರುವ ಲೋಡು ಎಲ್ಲಿಂದ? ಒಂದೇ ಲಾರಿಯವನಿಗೆ ದೊಡ್ಡ ಕಾರಖಾನೆ ಬಾಗಿಲು ತೆರೆಯುವುದಿಲ್ಲ. ಅವನು ದಲ್ಲಾಳಿಯ ಹತ್ತಿರ ಹೋಗುತ್ತಾನೆ, ಇಲ್ಲವೆ ಈಗಿನಂತೆ ಮೊಬೈಲಿನಲ್ಲಿ ಲೋಡು ಹುಡುಕುತ್ತಾನೆ. ಬಾಡಿಗೆಯ ಬಹುಭಾಗ ಮುಂಗಡ, ಉಳಿದದ್ದು ಮಾಲು ಮುಟ್ಟಿದ ರಸೀದಿ ಮರಳಿ ತಲುಪಿದ ಮೇಲೆ. ಆ ಉಳಿಕೆಯೇ ಲಾಭದ ಭಾಗ. ಅದು ಒಂದು ತಿಂಗಳು ತಡವಾಗಿ, ಐದು ಮಾತಾಡಿಸಿ ಬರುತ್ತದೆ. ಆದಕಾರಣ ಕಂಪನಿಯ ಗಾಡಿಯಲ್ಲಿರುವಾಗಲೇ ಕಣ್ಣು ತೆರೆದಿಟ್ಟುಕೊಳ್ಳಬೇಕು: ಯಾವ ಪೇಟೆಯಲ್ಲಿ ಯಾವ ತಿಂಗಳು ಮಾಲು ಏಳುತ್ತದೆ, ಯಾವ ವ್ಯಾಪಾರಿ ಹೇಳಿದ ದಿನ ಹಣ ಕೊಡುತ್ತಾನೆ, ಯಾವ ಗೋದಾಮಿನಲ್ಲಿ ಎರಡು ದಿನ ಕೂಡಿಸುತ್ತಾರೆ. ಇದು ಯಾವ ಪುಸ್ತಕದಲ್ಲಿಯೂ ಇಲ್ಲ.

ಒಂದೇ ಲೋಡನ್ನು ನೆಚ್ಚಿ ಲಾರಿ ಕೊಂಡರೆ ಏನಾಗುತ್ತದೆಂಬುದಕ್ಕೆ ನಮ್ಮ ನಾಡಿನದೇ ಉದಾಹರಣೆಯಿದೆ. ಈ ಶತಮಾನದ ಮೊದಲ ದಶಕದಲ್ಲಿ ಚೀನದ ಬೇಡಿಕೆಯಿಂದ ಕಬ್ಬಿಣದ ಅದಿರಿನ ದರ ಏರಿತು. ಬಳ್ಳಾರಿ, ಸಂಡೂರು, ಹೊಸಪೇಟೆಯಿಂದ ಬೇಲೆಕೇರಿ ಮುಂತಾದ ಬಂದರುಗಳಿಗೆ ಹಗಲುರಾತ್ರಿ ಕೆಂಪುಧೂಳಿನ ಲಾರಿಗಳ ಸಾಲು. ಒಕ್ಕಲುತನದವರು, ಅಂಗಡಿಯವರು, ಸ್ಟೇರಿಂಗು ಮುಟ್ಟದವರು ಕೂಡ ಸಾಲ ತೆಗೆದು ಲಾರಿ ಕೊಂಡರು. ಲೋಡು ಹುಡುಕುವ ಕೆಲಸವೇ ಇರಲಿಲ್ಲ, ಲೋಡೇ ಲಾರಿಯನ್ನು ಹುಡುಕುತ್ತಿತ್ತು. 2010ರ ಜುಲೈಯಲ್ಲಿ ರಾಜ್ಯ ಸರಕಾರ ಅದಿರಿನ ರಫ್ತು ನಿಲ್ಲಿಸಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ಗಣಿಗಳ ಅಕ್ರಮಕ್ಕೆ ಆ ತಡೆ ಬೇಕಾಗಿತ್ತೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಗಣಿಯ ಹಣದಲ್ಲಿ ಪಾಲಿಲ್ಲದ ಒಂದು ಲಾರಿಯ ಮಾಲಕನೂ ಅಂದೇ ನಿಂತ. ಲಾರಿಗಳು ರಸ್ತೆಯ ಬದಿಗೆ, ಹೊಲದ ಬದುವಿಗೆ ನಿಂತು ತುಕ್ಕು ಹಿಡಿದವು. ಎಷ್ಟನ್ನೋ ಸಾಲ ಕೊಟ್ಟವರು ಎಳೆದೊಯ್ದರು. 2020ರ ಬಂದ್ ಕಾಲದಲ್ಲಿ ರಿಸರ್ವ್ ಬ್ಯಾಂಕು ಆಗಸ್ಟ್ ಕೊನೆಯವರೆಗೆ ಹಪ್ತೆ ಮುಂದೂಡಲು ಅವಕಾಶ ಕೊಟ್ಟಿತು. ಆ ತಿಂಗಳುಗಳ ಬಡ್ಡಿ ಮಾತ್ರ ಬೆಳೆಯುತ್ತಲೇ ಇತ್ತು. ನಿಂತ ಲಾರಿಯ ಕಥೆ ಯಾವ ಕಾರಣದಿಂದ ನಿಂತರೂ ಹೆಚ್ಚುಕಡಿಮೆ ಒಂದೇ.

"ಹಾಗಾದರೆ ಸಂಕೇಶ್ವರರು?" ಎಂದು ಹುಡುಗರು ಕೇಳುತ್ತಾರೆ. ಕೇಳಲೇಬೇಕು. ವಿಜಯ ಸಂಕೇಶ್ವರರು ಗದಗಿನ ಮುದ್ರಣ ವ್ಯವಸಾಯದ ಮನೆತನದವರು; 1976ರಲ್ಲಿ ಒಂದೇ ಲಾರಿಯಿಂದ ಆರಂಭಿಸಿದರು; ಹುಬ್ಬಳ್ಳಿಯ ವಿಆರ್‌ಎಲ್ ಇಂದು ದೇಶದ ದೊಡ್ಡ ಲಾರಿ ಸಂಸ್ಥೆಗಳಲ್ಲೊಂದು; 2022ರಲ್ಲಿ ಅವರ ಬಾಳನ್ನೇ ಚಿತ್ರ ಮಾಡಿದರು. ಹೆಮ್ಮೆಯ ಮಾತೇ ಸರಿ. ಆದರೆ ಕಥೆ ಹೇಳುವವರು "ಒಂದೇ ಲಾರಿ" ಎಂಬಲ್ಲಿ ಧ್ವನಿ ಏರಿಸಿ ಮುಂದಿನದನ್ನು ನುಂಗಿಬಿಡುತ್ತಾರೆ. ಆ ಸಂಸ್ಥೆ ಬೆಳೆದದ್ದು ಮುಖ್ಯವಾಗಿ ಬಿಡಿ ಪಾರ್ಸೆಲಿನಿಂದ: ಊರೂರಿಗೆ ಬುಕಿಂಗು ಕಚೇರಿ, ನೂರಾರು ಗಿರಾಕಿಗಳ ಸಣ್ಣ ಸಣ್ಣ ಗಂಟು ಕೂಡಿ ಒಂದು ಲಾರಿ. ಒಬ್ಬ ಗಿರಾಕಿ ಬಿಟ್ಟರೆ ಲಾರಿ ನಿಲ್ಲುವುದಿಲ್ಲ. ಅದಿರಿನ ಲಾರಿಯವರಿಗೂ ಇವರಿಗೂ ಇರುವ ಅಂತರ ಅಲ್ಲಿದೆ. ಅದೂ ಅಲ್ಲದೆ, ಆ ವರ್ಷ ಒಂದೊಂದು ಲಾರಿ ಕೊಂಡ ಬೇರೆಯವರ ಮೇಲೆ ಯಾರೂ ಚಿತ್ರ ತೆಗೆದಿಲ್ಲ.

ನಮ್ಮ ಮೇಜಿನ ಮೇಲೆ ಬಂದ ಒಂದು ಪ್ರಕರಣ ಹೇಳುತ್ತೇವೆ, ಹೆಸರು ಬೇಡ. ಸಿಂದಗಿಯ ಕಡೆಯ ತರುಣ, ಕಾಮೋಠೆಯಲ್ಲಿ ಸಂಸಾರ, ಕಂಪನಿಯ ಗಾಡಿಯಲ್ಲಿ ಆರು ವರ್ಷದ ಅನುಭವ, ಒಂದು ಅಪಘಾತವಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಆರು ಚಕ್ರದ ಹಳೆಯ ಲಾರಿ ಗೊತ್ತುಮಾಡಿಕೊಂಡು ಬಂದಿದ್ದ. ಹೆಂಡತಿಯ ಬಂಗಾರ ಅಡವಿಟ್ಟು ಮುಂಗಡ, ಊರಿನ ಎರಡು ಎಕರೆಯ ಮೇಲೆ ಕೈಗಡ, ಉಳಿದದ್ದಕ್ಕೆ ಮೂರು ವರ್ಷದ ಸಾಲ, ಭಾವಮೈದುನನ ಜಾಮೀನು. ಕಾಗದ ತುಂಬಲು ಕುಳಿತಾಗ ಆರ್‌ಸಿಯ ತಾರೀಖಿನ ಮೇಲೆ ನಮ್ಮ ಕಣ್ಣು ನಿಂತಿತು. ಲಾರಿಗೆ ಹನ್ನೊಂದು ವರ್ಷವಾಗಿತ್ತು. ಎರಡೇ ಅಚ್ಚಿನ ಗಾಡಿಗೆ 12 ವರ್ಷ ದಾಟಿದ ಮೇಲೆ ರಾಷ್ಟ್ರೀಯ ಪರವಾನಿಗೆ ಕೊಡುವುದಿಲ್ಲ. ಹೆಚ್ಚು ಅಚ್ಚಿನದಕ್ಕೆ 15. ಅಂದಮೇಲೆ ಮೂರು ವರ್ಷದ ಹಪ್ತೆಯಲ್ಲಿ ಎರಡು ವರ್ಷ ಈ ಗಾಡಿ ಆ ಪರವಾನಿಗೆಯ ಮೇಲೆ ನಿಪ್ಪಾಣಿಯ ಗಡಿ ದಾಟುವಂತಿರಲಿಲ್ಲ. ಅಗ್ಗವಾದದ್ದು ಅದಕ್ಕೇ. ಮಾರುವವನಿಗೆ ಇದು ಗೊತ್ತಿತ್ತು, ದಲ್ಲಾಳಿಗೂ ಗೊತ್ತಿತ್ತು. ಭಾವಮೈದುನನಿಗೆ ಜಾಮೀನೆಂದರೆ ಏನೆಂಬುದೂ ಗೊತ್ತಿರಲಿಲ್ಲ. ಸಾಕ್ಷಿಯ ಸಹಿಯೆಂದು ತಿಳಿದಿದ್ದ. 1872ರ ಕರಾರು ಕಾಯಿದೆಯ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಸಾಲ ಕೊಟ್ಟವನು ಮೊದಲು ಇವನ ಬಾಗಿಲಿಗೇ ಬರಬಹುದು. ಇದನ್ನು ಕೇಳಿ ಆ ಮನುಷ್ಯ ಪೆನ್ನು ಕೆಳಗಿಟ್ಟ.

ತರುಣನಿಗೆ ಅಂದು ನಮ್ಮ ಮೇಲೆ ಬೇಸರವಾಯಿತು. ಎರಡು ತಿಂಗಳು ಸಂಘದ ಕಡೆ ಸುಳಿಯಲಿಲ್ಲ. ಆಮೇಲೆ ಬಂದವನ ಕೈಯಲ್ಲಿ ಒಂದು ನೋಟುಬುಕ್ಕಿತ್ತು. ಬೆಳಗಾವಿಯ ಫೌಂಡ್ರಿಗಳಿಂದ ಪುಣೆಯ ಕಾರಖಾನೆಗಳಿಗೆ ಬರುವ ಎರಕದ ಮಾಲು ಯಾವ ಯಾವ ದಿನ ಏಳುತ್ತದೆ, ಟನ್ನಿಗೆ ಏನು ಕೊಡುತ್ತಾರೆ, ಪುಣೆಯಿಂದ ಮರಳಿ ಏನು ಸಿಗುತ್ತದೆ, ಎಲ್ಲ ಬರೆದಿಟ್ಟಿದ್ದ. ಇಬ್ಬರು ಫೌಂಡ್ರಿಯವರು ವಾರಕ್ಕೆ ಒಂದೊಂದು ಲೋಡಿನ ಮಾತು ಕೊಟ್ಟಿದ್ದಾರಂತೆ. ಸದ್ಯ ಕಂಪನಿಯ ಗಾಡಿಯಲ್ಲೇ ಇದ್ದಾನೆ. ದೀಪಾವಳಿಗೆ ನಾಲ್ಕು ವರ್ಷದ ಹತ್ತು ಚಕ್ರದ ಗಾಡಿ ನೋಡುತ್ತೇನೆನ್ನುತ್ತಾನೆ. ಬಂಗಾರಕ್ಕೆ ಹೆಂಡತಿ ಒಪ್ಪಿದ್ದಾಳೆ, ಹೊಲಕ್ಕೆ ಒಪ್ಪಿಲ್ಲ. ಆಕೆಯ ಲೆಕ್ಕ ನಮ್ಮದಕ್ಕಿಂತ ಗಟ್ಟಿಯಾಗಿ ಕಂಡಿತು.

ಇಲ್ಲಿ ಗೃಹಿಣಿಯರಿಗೂ ಎರಡು ಮಾತು ಹೇಳಬೇಕು. ಏಕೆಂದರೆ ತಿಂಗಳಲ್ಲಿ ಇಪ್ಪತ್ತು ದಿನ ಮನೆಯ ಯಜಮಾನಿಕೆ ಅವರದೇ. ಗಂಡನ ಲೈಸೆನ್ಸು, ಆರ್‌ಸಿ, ವಿಮೆ, ಪರವಾನಿಗೆ, ಸಾಲದ ಕರಾರು ಇವುಗಳ ನಕಲು ಮನೆಯ ಪೆಟ್ಟಿಗೆಯಲ್ಲಿರಲಿ; ಮೊಬೈಲಿನಲ್ಲಿದೆ ಎಂದರೆ ಸಾಲದು, ಮೊಬೈಲು ಅವನ ಜೊತೆಗೇ ಇರುತ್ತದೆ. ತನ್ನ ಲಾರಿ ತಾನೇ ನಡೆಸುವವನಿಗೆ ವಿಮೆಯಲ್ಲಿ 15 ಲಕ್ಷದ ವೈಯಕ್ತಿಕ ಅಪಘಾತದ ಭಾಗವುಂಟು. ಅದರಲ್ಲಿ ವಾರಸುದಾರರೆಂದು ಯಾರ ಹೆಸರಿದೆ ನೋಡಿರಿ, ಮದುವೆಗೆ ಮುಂಚಿನ ಪಾಲಿಸಿಯಾದರೆ ನಿಮ್ಮದು ಇರಲಿಕ್ಕಿಲ್ಲ. ಅವನ ಲೈಸೆನ್ಸಿನ ಅವಧಿ ಮುಗಿಯುವ ತಾರೀಖನ್ನು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಮಸಿಯಿಂದ ಗುರುತು ಹಾಕಿರಿ; ಅವಧಿ ಮೀರಿದ ಲೈಸೆನ್ಸಿನ ಮೇಲೆ ಅಪಘಾತವಾದರೆ ವಿಮೆಯವರು ಮೊದಲು ಹುಡುಕುವುದು ಅದನ್ನೇ. ಸಾಲ ತೀರಿದ ಮೇಲೆ ಸಾಲ ಕೊಟ್ಟವರಿಂದ ಫಾರ್ಮು 35 ಮತ್ತು ಬಾಕಿಯಿಲ್ಲವೆಂಬ ಪತ್ರ ತಂದು ಆರ್‌ಸಿಯಿಂದ ಅವರ ಹೆಸರು ತೆಗೆಸಬೇಕು. ಕೊನೆಯ ಹಪ್ತೆ ಕಟ್ಟಿದ ಖುಷಿಯಲ್ಲಿ ಪೇಢೆ ಹಂಚಿ ಇದನ್ನು ಮರೆತವರು ಗಾಡಿ ಮಾರುವಾಗ ತಿಂಗಳುಗಟ್ಟಲೆ ಅಲೆದದ್ದನ್ನು ನೋಡಿದ್ದೇವೆ.

ಸಾಲದ ಕರಾರು ಓದಿಸಿಕೊಳ್ಳಬೇಕಾದವರು ರವಿವಾರ ಬೆಳಿಗ್ಗೆ ಸಂಘದ ವಾಚನಾಲಯಕ್ಕೆ ಬರಬಹುದು. ಸಹಿ ಹಾಕುವ ಮೊದಲು ಬರಬೇಕು. ಹಾಕಿದ ಮೇಲೆ ಬಂದರೆ ಚಹಾ ಮಾತ್ರ ಕೊಡಬಲ್ಲೆವು. ಎಲ್ಲ ಪುಟ ತರಬೇಕು, ಸಣ್ಣ ಅಕ್ಷರದವನ್ನೂ. ಜಾಮೀನು ನಿಲ್ಲುವವರು ಯಾರೋ ಅವರನ್ನೂ ಜೊತೆಗೆ ಕರೆತರಬೇಕು.